‘ಹಾಗಾಗಿದ್ದರೆ?’ ಎಂಬ ಪ್ರಶ್ನೆ: ಒಂದು ಇತಿಹಾಸ ಪಾಠದ ಅನುಭವ

ಒಂಬತ್ತನೇ ತರಗತಿಯಲ್ಲಿ ಜರ್ಮನಿಯ ಏಕೀಕರಣ ಬೋಧಿಸುವಾಗ, 1870ರಲ್ಲಿ ಫ್ರಾನ್ಸಿನ ಚಕ್ರವರ್ತಿ ಮೂರನೇ ನೆಪೋಲಿಯನ್ ಸೆಡಾನ್‌ನಲ್ಲಿ ಸೋತು ಸೆರೆಯಾದನೆಂದು ಹೇಳಿ ಮುಂದೆ ಸಾಗುತ್ತೇವೆ. ಕಾರಣ–ಪರಿಣಾಮ ಸಂಬಂಧವನ್ನು ವಿಶ್ಲೇಷಿಸುವುದು ನನ್ನ ಪಾಠಯೋಜನೆಯ ಉದ್ದೇಶವಾಗಿತ್ತು. ಆದ್ದರಿಂದ ಅವನ ಪುತ್ರ ಲೂಯಿಯ ಕಥೆಯನ್ನೂ ಸೇರಿಸಿಕೊಂಡೆ.

ಮೊದಲ ದಿನ

ಸಾಮ್ರಾಜ್ಯ ಬಿದ್ದಾಗ ಲೂಯಿಗೆ 14 ವರ್ಷ. ಇಂಗ್ಲೆಂಡಿನಲ್ಲಿ ಆಶ್ರಯ ಪಡೆದು ವೂಲ್ವಿಚ್‌ನ ಸೈನಿಕ ಶಾಲೆಯಲ್ಲಿ ಕಲಿತ. 1873ರಲ್ಲಿ ತಂದೆ ತೀರಿಕೊಂಡ ಮೇಲೆ ಬೆಂಬಲಿಗರಿಗೆ ಅವನೇ ನಾಲ್ಕನೇ ನೆಪೋಲಿಯನ್. 1879ರಲ್ಲಿ ಬ್ರಿಟಿಷ್ ಸೇನೆಯೊಂದಿಗೆ ದಕ್ಷಿಣ ಆಫ್ರಿಕಾದ ಜುಲು ಯುದ್ಧಕ್ಕೆ ಹೋದ. ಜೂನ್ 1ರಂದು ಜುಲು ಯೋಧರು ಮುತ್ತಿದಾಗ ಕುದುರೆ ಏರಲು ಹಿಡಿದ ಜೀನಿನ ಪಟ್ಟಿ ಕಿತ್ತುಹೋಯಿತು. 23ರ ಹರೆಯದಲ್ಲಿ ಈಟಿಯ ಇರಿತಗಳಿಂದ ಸತ್ತ.

‘ಪಟ್ಟಿ ಗಟ್ಟಿ ಇದ್ದಿದ್ರೆ ರಾಜ ಆಗ್ತಿದ್ನಾ ಮೇಡಂ?’ ಎಂದು ಒಬ್ಬ ಹುಡುಗ ಕೇಳಿದ. ಮಕ್ಕಳ ಉತ್ಸಾಹ ಕಂಡು ‘ಆಗ್ತಿದ್ದ’ ಎಂದುಬಿಟ್ಟೆ. ಅದನ್ನೇ ಮನೆಗೆಲಸವಾಗಿ ಕೊಟ್ಟೆ. ಬಂದ ಕಥೆಗಳಲ್ಲಿ ಲೂಯಿ ವಾರದೊಳಗೆ ಪಟ್ಟಕ್ಕೇರಿದ, ಜರ್ಮನಿಯನ್ನು ಸೋಲಿಸಿದ. ಓದಲು ಸೊಗಸಾಗಿದ್ದವು; ಆದರೆ ಅವುಗಳಲ್ಲಿ ಫ್ರಾನ್ಸಿನ ಜನರೇ ಇರಲಿಲ್ಲ. ತಪ್ಪು ಮಕ್ಕಳದಲ್ಲ, ನನ್ನ ಉತ್ತರದ್ದು.

ಎರಡನೇ ದಿನ

‘ನಿನ್ನೆ ನಾನು ಯೋಚಿಸದೆ ಉತ್ತರ ಹೇಳಿದೆ, ಇವತ್ತು ಒಟ್ಟಿಗೆ ಪರೀಕ್ಷಿಸೋಣ’ ಎಂದು ಆರಂಭಿಸಿದೆ. ತರಗತಿ ಒಮ್ಮೆಲೇ ಮೌನವಾಯಿತು. ಕಪ್ಪುಹಲಗೆಯಲ್ಲಿ ಎರಡು ಕಾಲಂ ಎಳೆದೆ: ‘ನಾವು ಬದಲಿಸಿದ್ದು’, ‘ಬದಲಾಗದೆ ಉಳಿದದ್ದು’. ಮೊದಲನೆಯದರಲ್ಲಿ ಜೀನಿನ ಪಟ್ಟಿ ಮಾತ್ರ. ಎರಡನೆಯದನ್ನು ದಿನಾಂಕದ ಕಾರ್ಡುಗಳಿಂದ ಮಕ್ಕಳೇ ತುಂಬಿದರು: 1875ರಲ್ಲಿ ಗಣರಾಜ್ಯದ ಸಂವಿಧಾನಾತ್ಮಕ ಕಾನೂನುಗಳು, 1877ರ ಚುನಾವಣೆಯಲ್ಲಿ ಗಣರಾಜ್ಯವಾದಿಗಳಿಗೆ ಬಹುಮತ, 1879ರ ಜನವರಿಯಲ್ಲಿ ಸೆನೆಟ್ ಕೂಡ ಅವರದಾಗಿ, ರಾಜಪ್ರಭುತ್ವದ ಪರವಿದ್ದ ಅಧ್ಯಕ್ಷ ಮ್ಯಾಕ್‌ಮಹೊನ್‌ನ ರಾಜೀನಾಮೆ. ‘ಇದೆಲ್ಲ ಅವನು ಸಾಯೋಕೆ ಮುಂಚೇನೇ ಆಗಿದೆ!’ ಎಂದಳು ಒಬ್ಬ ಹುಡುಗಿ.

ಹಾಗಾದರೆ ಪಟ್ಟಿ ಕಿತ್ತದ್ದರಿಂದ ಏನೂ ಬದಲಾಗಲಿಲ್ಲವೇ? ಬದಲಾಯಿತು. ಲೂಯಿ ತನ್ನ ಉಯಿಲಿನಲ್ಲಿ ಹಿರಿಯ ಬಂಧು ಜೆರೋಮ್‌ನನ್ನು ಬಿಟ್ಟು, ಜೆರೋಮ್‌ನ ಮಗ ವಿಕ್ಟರ್‌ನನ್ನು ಉತ್ತರಾಧಿಕಾರಿಯೆಂದು ಹೆಸರಿಸಿದ್ದ. ಇದರಿಂದ ಬೆಂಬಲಿಗರ ಪಕ್ಷ ಒಡೆಯಿತು. ಅವನು ಬದುಕಿದ್ದರೆ ಪಕ್ಷ ಒಂದಾಗಿ ಉಳಿಯಬಹುದಿತ್ತು. ಸಿಂಹಾಸನ ಸಿಗುತ್ತಿತ್ತು ಎನ್ನಲು ಆಧಾರ ಸಾಲದು.

ಕೊನೆಗೆ, 1836ರಲ್ಲೇ ಲೂಯಿ ಜಾಫ್ರುವಾ ಎಂಬ ಫ್ರೆಂಚ್ ಲೇಖಕ ಬರೆದ ಪರ್ಯಾಯ ಇತಿಹಾಸದ ಕಾದಂಬರಿಯ ಬಗ್ಗೆ ಹೇಳಿದೆ. ಅದರಲ್ಲಿ ಮೊದಲನೇ ನೆಪೋಲಿಯನ್ ರಷ್ಯಾದಲ್ಲಿ ಸೋಲದೆ ಇಡೀ ಜಗತ್ತನ್ನೇ ಗೆಲ್ಲುತ್ತಾನೆ. ಇಂಥ ಕಥೆ 1812ರ ಬಗ್ಗೆ ಹೇಳುವುದಕ್ಕಿಂತ, ಸೋಲಿನ ನಂತರದ ಹಂಬಲದ ಬಗ್ಗೆ ಹೆಚ್ಚು ಹೇಳುತ್ತದೆಂದು ಚರ್ಚಿಸಿದೆವು.

ಸಹ ಪ್ರಶಿಕ್ಷಣಾರ್ಥಿಗಳಿಗೆ

ಈ ಚಟುವಟಿಕೆಗೆ ಎರಡು ಅವಧಿ ಬೇಕು. ಒಂದೇ ಒಂದು ಸಂಗತಿಯನ್ನು ಬದಲಿಸಲು ಹೇಳಿ. ಅಂಕವನ್ನು ಕಥೆಯ ಮುಕ್ತಾಯಕ್ಕಲ್ಲ, ‘ಬದಲಾಗದೆ ಉಳಿದದ್ದು’ ಪಟ್ಟಿಗೆ ಕೊಡಿ. ‘ಹಾಗಾಗಿದ್ದರೆ?’ ಎಂದು ಮಗು ಕೇಳಿದಾಗ ತಕ್ಷಣ ಉತ್ತರಿಸಬೇಡಿ. ‘ಆಗ ಬೇರೆ ಏನೇನಿತ್ತು?’ ಎಂದು ಮರುಪ್ರಶ್ನೆ ಹಾಕಿ.