ಒಲೆಕಟ್ಟೆಯ ಕಲ್ಲು: ಚದರಡಿ ದರದ ಆಚೆಗಿನ ಲೆಕ್ಕ

ಅಡುಗೆಮನೆಯ ನವೀಕರಣಕ್ಕೆ ಕೈಹಾಕುವ ತುಮಕೂರು ಸೀಮೆಯ ಕುಟುಂಬಗಳು ಹೆಚ್ಚು ಅಂಗಡಿ ಸುತ್ತುವುದೂ ಹೆಚ್ಚು ಚೌಕಾಸಿ ಮಾಡುವುದೂ ಒಲೆಕಟ್ಟೆಯ ಕಲ್ಲಿನ ವಿಷಯದಲ್ಲಿ; ಆದರೆ ಆ ಚೌಕಾಸಿಯೆಲ್ಲ ಚದರಡಿಯ ದರವೆಂಬ ಒಂದೇ ಅಂಕಿಯ ಸುತ್ತ ನಡೆಯುತ್ತದೆ, ಆ ಅಂಕಿಗೂ ಮನೆಯವರ ಕೈಯಿಂದ ಕೊನೆಗೆ ಖರ್ಚಾಗುವ ಹಣಕ್ಕೂ ಇರುವ ಸಂಬಂಧ ಬಹಳ ಸಡಿಲವಾದದ್ದು. ಒಲೆಕಟ್ಟೆ, ಮೇಸ್ತ್ರಿಗಳ ಮಾತಿನಲ್ಲಿ ಪ್ಲಾಟ್‌ಫಾರಂ, ಎಂದರೆ ಗೋಡೆಗೆ ಒತ್ತಿದಂತೆ ಸುಮಾರು ಎರಡಡಿ ಅಗಲಕ್ಕೆ, ನಿಂತು ಕೆಲಸ ಮಾಡುವವರ ಸೊಂಟದ ಮಟ್ಟಕ್ಕೆ ಕೂರಿಸುವ ಕಲ್ಲುಹಾಸು. ಒಮ್ಮೆ ಸಿಮೆಂಟಿನಲ್ಲಿ ಕೂತ ಕಲ್ಲನ್ನು ಒಡೆಯದೆ ಎಬ್ಬಿಸುವುದು ಕಷ್ಟವಾದ್ದರಿಂದ ಇದನ್ನು ಇಪ್ಪತ್ತು, ಮೂವತ್ತು ವರ್ಷಗಳಿಗೆ ಹರಡಿಕೊಳ್ಳುವ ವೆಚ್ಚವೆಂದೇ ಎಣಿಸಬೇಕು. ಈ ಅಂಕಣಕಾರರ ತುಮಕೂರಿನ ಮನೆಯಲ್ಲಿ, ಗುಬ್ಬಿಯಲ್ಲಿರುವ ಅವರ ಅಕ್ಕನ ಮನೆಯಲ್ಲಿ, ಕುಣಿಗಲ್‌ನ ಸೋದರಮಾವನ ಮನೆಯಲ್ಲಿ ಕೆಲವೇ ವರ್ಷಗಳ ಅಂತರದಲ್ಲಿ ಒಲೆಕಟ್ಟೆಗಳು ಬದಲಾದವು. ಆ ಮೂರು ಮನೆಗಳ ಬಿಲ್ಲುಗಳೂ, ಆ ಕಟ್ಟೆಗಳ ಮೇಲೆ ನಡೆದ ಅಡುಗೆಯೂ ಈ ಬರಹಕ್ಕೆ ಆಧಾರ.

ಮೊದಲಿಗೆ ಅಳತೆಯ ವಿಚಾರ. ಒಂದು ಗೋಡೆಯುದ್ದಕ್ಕೆ ಒಂಬತ್ತು ಅಡಿ, ಮೂಲೆಯಿಂದ ತಿರುಗಿ ಮತ್ತೆ ಆರು ಅಡಿ ಸಾಗುವ ಕಟ್ಟೆಯೊಂದನ್ನು ಊಹಿಸಿಕೊಂಡರೆ, ಎರಡಡಿ ಅಗಲದ ಲೆಕ್ಕದಲ್ಲಿ ಬೇಕಾಗುವ ಕಲ್ಲು 30 ಚದರಡಿ. ದರ ಚದರಡಿಗೆ 160 ರೂಪಾಯಿ ಎಂದಿಟ್ಟುಕೊಂಡರೆ 4,800 ರೂಪಾಯಿ ಎಂದು ಮನೆಯವರು ಮನಸ್ಸಿನಲ್ಲೇ ಗುಣಿಸಿಕೊಂಡು ಹೊರಡುತ್ತಾರೆ. ಅಂಗಡಿಯಲ್ಲಿ ಕಲ್ಲು ಮಾರಾಟವಾಗುವುದು ಬೇಕಾದಷ್ಟೇ ಕತ್ತರಿಸಿದ ತುಂಡಾಗಿ ಅಲ್ಲ, ಇಡೀ ಸ್ಲ್ಯಾಬ್ ಆಗಿ, ಅಂದರೆ ಗಣಿಯ ದಿಮ್ಮಿಯನ್ನು ಹದಿನೆಂಟು, ಇಪ್ಪತ್ತು ಮಿಲಿಮೀಟರ್ ದಪ್ಪಕ್ಕೆ ಸೀಳಿ ಒಂದು ಮುಖಕ್ಕೆ ಪಾಲಿಶ್ ಮಾಡಿದ ಹಲಗೆಯಾಗಿ. ಸಿಕ್ಕ ಸ್ಲ್ಯಾಬ್ ಒಂಬತ್ತು ಅಡಿ ಉದ್ದ, ಎರಡೂವರೆ ಅಡಿ ಅಗಲದ್ದಾದರೆ ಎರಡು ಸ್ಲ್ಯಾಬ್ ಬೇಕು. ಅವುಗಳ ವಿಸ್ತೀರ್ಣ 45 ಚದರಡಿ, ಬೆಲೆ 7,200 ರೂಪಾಯಿ, ಅದರ ಮೇಲೆ ಪಾಲಿಶ್ ಮಾಡಿದ ಗ್ರಾನೈಟಿಗೆ ಅನ್ವಯವಾಗುವ ಶೇ 18ರ ಜಿಎಸ್‌ಟಿ 1,296 ರೂಪಾಯಿ ಸೇರಿದರೆ ಮೊತ್ತ 8,496. ಕಟ್ಟೆಯ ಲೆಕ್ಕಕ್ಕೆ ಹಂಚಿದಾಗ ಚದರಡಿಗೆ 283 ರೂಪಾಯಿ ಬೀಳುತ್ತದೆ. ಕೆಲವು ಅಂಗಡಿಗಳಲ್ಲಿ ಅಳತೆಯನ್ನು ಮುಂದಿನ ಮೂರು ಅಂಗುಲಕ್ಕೆ ಏರಿಸಿ ಬರೆದುಕೊಳ್ಳುವ ರೂಢಿಯೂ ಇರುವುದರಿಂದ, ಟೇಪು ಹಿಡಿಯುವಾಗ ಮನೆಯವರೊಬ್ಬರು ಪಕ್ಕದಲ್ಲಿ ನಿಲ್ಲುವುದು ಲೇಸು.

ಉಳಿದ 15 ಚದರಡಿಯನ್ನು ನಷ್ಟವೆಂದು ಬರೆದುಹಾಕುವ ಮುಂಚೆ ಅದರ ಆಕಾರವನ್ನು ಗಮನಿಸಬೇಕು. ಮೊದಲ ಸ್ಲ್ಯಾಬಿನಿಂದ ಒಂಬತ್ತು ಅಡಿ ಉದ್ದದ ಆರಂಗುಲ ಪಟ್ಟಿ, ಎರಡನೆಯದರಿಂದ ಆರು ಅಡಿಯ ಅಂಥದೇ ಪಟ್ಟಿ, ಜೊತೆಗೆ ಮೂರಡಿಗೆ ಎರಡೂವರೆ ಅಡಿಯ ಒಂದು ತುಂಡು ಉಳಿಯುತ್ತವೆ. ಕಟ್ಟೆಯೂ ಗೋಡೆಯೂ ಕೂಡುವಲ್ಲಿ ನೀರು ಇಳಿಯದಂತೆ ನಿಲ್ಲಿಸುವ ನಾಲ್ಕಂಗುಲದ ಅಡ್ಡಪಟ್ಟಿಗೆ, ಅಂದರೆ ಸ್ಕರ್ಟಿಂಗ್‌ಗೆ, ಈ ಕಟ್ಟೆಯಲ್ಲಿ ಬೇಕಾದದ್ದು ಹದಿನೇಳು ಅಡಿ. ಎರಡು ಪಟ್ಟಿಗಳೂ ದೊಡ್ಡ ತುಂಡಿನ ಒಂದು ಸೀಳೂ ಅದನ್ನು ಪೂರೈಸುತ್ತವೆ, ಮಿಕ್ಕದ್ದು ಕಿಟಕಿಯ ಕೆಳಗಿನ ಹಾಸಿಗೆ ಆಗುತ್ತದೆ. ತುಮಕೂರಿನ ಮನೆಗೆ ಕಲ್ಲು ಆರಿಸುವಾಗ ಮೇಸ್ತ್ರಿ ನೆಲದ ಮೇಲೆ ಸೀಮೆಸುಣ್ಣದಲ್ಲಿ ಸ್ಲ್ಯಾಬನ್ನು ಬರೆದು, ಯಾವ ತುಂಡು ಎಲ್ಲಿಗೆ ಎಂದು ಗೀಟು ಹಾಕಿ ತೋರಿಸಿದ ಮೇಲೆಯೇ ಖರೀದಿ ನಡೆಯಿತು. ದರದಲ್ಲಿ ಐದು ಹತ್ತು ರೂಪಾಯಿ ಇಳಿಸುವುದಕ್ಕಿಂತ, ಕಟ್ಟೆಯ ಅಳತೆಗೆ ಹತ್ತಿರದ ಅಗಲವಿರುವ ಸ್ಲ್ಯಾಬನ್ನು ಹುಡುಕುವುದರಿಂದ ಹೆಚ್ಚು ಹಣ ಉಳಿಯುತ್ತದೆ ಎಂಬುದು ಆ ಗೀಟುಗಳಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಕಲ್ಲಿನ ಬೆಲೆಯ ಮೇಲೆ ಮುಂದಿನ ಅಂಚನ್ನು ದುಂಡಗೆ ಉಜ್ಜುವ ಮೋಲ್ಡಿಂಗ್‌ಗೆ ಅಡಿ ಲೆಕ್ಕದ ಕೂಲಿ, ಸಿಂಕಿಗೂ ಒಲೆಗೂ ಕಿಂಡಿ ಕೊರೆಯುವ ಕೂಲಿ, ಸಾಗಣೆ, ಇಳಿಸುವವರ ಕೂಲಿ, ಹಳೆಯ ಕಟ್ಟೆ ಒಡೆದು ಕಸ ಸಾಗಿಸುವ ಖರ್ಚು ಇವೆಲ್ಲ ಸೇರುತ್ತವೆ. ಕುಣಿಗಲ್‌ನವರು ಬೆಂಗಳೂರಿನ ಕಡೆಗೂ ತುಮಕೂರಿನ ಕಡೆಗೂ ಹೋಗಿ ದರ ಹೋಲಿಸುವಾಗ ಸಾಗಣೆಯನ್ನು ಸೇರಿಸಿಯೇ ಹೋಲಿಸಬೇಕು.

ಬೆಲೆಯ ನಂತರ ಬರುವ ಪ್ರಶ್ನೆ ಬಳಕೆಯದು, ಇದನ್ನು ಊರಿನ ಅಡುಗೆಯೇ ತೀರ್ಮಾನಿಸುತ್ತದೆ. ಈ ಭಾಗದ ಒಲೆಕಟ್ಟೆಯ ಮೇಲೆ ನೀರು ಸವರಿ ಬಿಸಿ ಮುದ್ದೆಯನ್ನು ಉಂಡೆ ಕಟ್ಟುತ್ತಾರೆ, ಒಲೆಯಿಂದ ಇಳಿಸಿದ ಕುಕ್ಕರನ್ನು ಹಾಗೆಯೇ ಇಡುತ್ತಾರೆ, ಹುಣಸೆಹಣ್ಣನ್ನು ಕಿವುಚುತ್ತಾರೆ, ಅರಿಸಿನದ ಕೈಯಲ್ಲೇ ಒರೆಸುತ್ತಾರೆ. ಸಿದ್ದು ಹಲಸಿನ ತಳಿಯಿಂದ ಹೆಸರಾದ ಚೇಳೂರು ಇರುವುದು ಗುಬ್ಬಿ ತಾಲ್ಲೂಕಿನಲ್ಲೇ. ಅಲ್ಲಿನ ಮನೆಗಳಲ್ಲಿ ಹಲಸಿನ ಕಾಲ ಬಂತೆಂದರೆ ಕಟ್ಟೆಗೆ ಮೇಣ ಅಂಟುವುದು ತಪ್ಪದು, ಅದನ್ನು ಎಣ್ಣೆ ಹಚ್ಚಿ ಉಜ್ಜಿ ತೆಗೆಯಬೇಕು. ಹೀಗೆ ಶಾಖ, ಹುಳಿ, ಬಣ್ಣ, ಎಣ್ಣೆ ಈ ನಾಲ್ಕನ್ನೂ ದಿನವೂ ತಾಳುವ ಕಲ್ಲು ಬೇಕಾಗುತ್ತದೆ.

ಗುಬ್ಬಿಯ ಮನೆಯಲ್ಲಿ ಮೊದಲು ಇದ್ದದ್ದು ಕಡಪ ಕಲ್ಲು. ಆಂಧ್ರದ ಕಡಪ ಸೀಮೆಯಿಂದ ಬರುವ ಈ ಕಪ್ಪು ಹಾಸುಗಲ್ಲು ಸುಣ್ಣಕಲ್ಲಿನ ಜಾತಿಯದು, ಅಗ್ಗದ್ದು, ಆದರೆ ಸುಣ್ಣದ ಅಂಶವು ಹುಳಿಯೊಡನೆ ವರ್ತಿಸುವುದರಿಂದ ನಿಂಬೆರಸ, ಹುಣಸೆರಸ ಬಿದ್ದಲ್ಲೆಲ್ಲ ಹೊಳಪು ಹೋಗಿ ಮಂಕು ಕಲೆಗಳಾಗುತ್ತವೆ. ಅಮೃತಶಿಲೆಯ ಸ್ವಭಾವವೂ ಇದೇ, ಬೆಲೆ ಮಾತ್ರ ಬೇರೆ. ಅದನ್ನು ದೇವರ ಮನೆಗೆ ಬಿಡುವುದು ಉತ್ತಮ. ಆದರೂ ಗುಬ್ಬಿಯಲ್ಲಿ ಹಳೆಯ ಕಡಪ ಕಲ್ಲನ್ನು ಎಸೆಯಲಿಲ್ಲ, ಒಡೆಯದೆ ಉಳಿದ ತುಂಡುಗಳನ್ನು ಕಟ್ಟೆಯ ಕೆಳಗೆ ಪಾತ್ರೆ ಇಡುವ ಅಡ್ಡಹಲಗೆಗಳಾಗಿ ಕೂರಿಸಲಾಯಿತು, ಹುಳಿ ತಾಗದ ಆ ಜಾಗಕ್ಕೆ ಅದಕ್ಕಿಂತ ಮಿತವ್ಯಯದ ಕಲ್ಲು ಇನ್ನೊಂದಿಲ್ಲ.

ಗ್ರಾನೈಟ್ ಈ ಜಿಲ್ಲೆಗೆ ಹೊರಗಿನ ವಸ್ತುವಲ್ಲ. ರಾಮನಗರದ ಹಳೆಯ ಹೆಸರಿನಿಂದ ಭೂವಿಜ್ಞಾನಿಗಳು ಕ್ಲೋಸ್‌ಪೇಟೆ ಗ್ರಾನೈಟ್ ಎಂದು ಕರೆಯುವ, ಸುಮಾರು 250 ಕೋಟಿ ವರ್ಷ ಪ್ರಾಯದ ಶಿಲಾಪಟ್ಟಿಯು ಉತ್ತರಕ್ಕೆ ಸಾಗುವಾಗ ತುಮಕೂರು ಜಿಲ್ಲೆಯನ್ನು ಹಾದುಹೋಗುತ್ತದೆ, ಮಧುಗಿರಿಯ ಏಕಶಿಲಾ ಬೆಟ್ಟವೂ ಅದರ ಭಾಗ. ಕರಗಿದ ಶಿಲಾಪಾಕವು ಭೂಮಿಯ ಆಳದಲ್ಲಿ ನಿಧಾನವಾಗಿ ಗಟ್ಟಿಯಾಗಿ ಹುಟ್ಟಿದ ಈ ಕಲ್ಲಿಗೆ ಬಾಣಲೆಯ ಬಿಸಿ ಲೆಕ್ಕಕ್ಕಿಲ್ಲ, ಅಡುಗೆಮನೆಯ ಹುಳಿಯೂ ಅದನ್ನು ಕೊರೆಯುವುದಿಲ್ಲ. ಅಂಗಡಿಯಲ್ಲಿ ಕರಿ ಗ್ರಾನೈಟ್ ಎನಿಸಿಕೊಳ್ಳುವುದು ಬಹುಮಟ್ಟಿಗೆ ಡೋಲರೈಟ್ ಮೊದಲಾದ ಬೇರೆ ಅಗ್ನಿಶಿಲೆ. ಅದು ಇನ್ನೂ ದಟ್ಟವಾದ್ದರಿಂದ ಎಣ್ಣೆ, ಅರಿಸಿನಗಳನ್ನು ಹೀರುವುದು ಕಡಿಮೆ. ತಿಳಿ ಬಣ್ಣದ, ದೊಡ್ಡ ಹರಳಿನ ಗ್ರಾನೈಟುಗಳು ಹೆಚ್ಚು ಹೀರುತ್ತವೆ, ಅವಕ್ಕೆ ಸೀಲರ್ ಎಂಬ ರಂಧ್ರ ಮುಚ್ಚುವ ದ್ರವವನ್ನು ಆಗಾಗ ಬಳಿಯಬೇಕು, ಅದೂ ಖರ್ಚೇ.

ಕಲ್ಲನ್ನು ಪರೀಕ್ಷಿಸುವ ವಿಧಾನಗಳು ಸರಳ. ಸ್ಲ್ಯಾಬಿನ ಮೇಲೆ ಧಾರಾಳವಾಗಿ ನೀರು ಚೆಲ್ಲಿ ಒರೆಸಿ ಕಾದರೆ ಉಳಿದೆಡೆಯೆಲ್ಲ ಒಣಗಿದ ಮೇಲೂ ಕೂದಲೆಳೆಯ ಬಿರುಕಿದ್ದಲ್ಲಿ ತೇವದ ಗೆರೆ ಉಳಿಯುತ್ತದೆ. ಸಹಜವಾದ ನರ ಹಾಗೆ ಉಳಿಯದು. ತುಮಕೂರಿಗೆ ಸಮೀಪದ ಕೈದಾಳದೊಡನೆ ಬೆಸೆದಿರುವ ಶಿಲ್ಪಿ ಜಕಣಾಚಾರಿಯ ಐತಿಹ್ಯದಲ್ಲಿ, ಮೂರ್ತಿಗೆ ಬಳಿದ ಗಂಧವೆಲ್ಲ ಒಣಗಿ ಹೊಕ್ಕುಳ ಬಳಿ ಮಾತ್ರ ಹಸಿಯಾಗಿ ಉಳಿದದ್ದರಿಂದ ಅವನ ಮಗ ಡಂಕಣಾಚಾರಿಯು ಕಲ್ಲಿನೊಳಗಿನ ದೋಷವನ್ನು ಗುರುತಿಸುತ್ತಾನೆ, ಅಲ್ಲಿ ಕೆತ್ತಿದಾಗ ಕಪ್ಪೆಯೊಂದು ಹೊರಬರುತ್ತದೆ. ಕಥೆಯ ಕಪ್ಪೆಯನ್ನು ಐತಿಹ್ಯಕ್ಕೇ ಬಿಟ್ಟರೂ ಆ ಪರೀಕ್ಷೆಯ ಹಿಂದಿರುವುದು ಕಲ್ಲುಕುಟಿಗರ ನಿಜವಾದ ಅನುಭವ ಎಂದು ನಂಬಲು ಅಡ್ಡಿಯಿಲ್ಲ. ಸ್ಲ್ಯಾಬಿನ ಹಿಂಬದಿಗೆ ನೂಲಿನ ಬಲೆ ಅಂಟಿಸಿದ್ದರೆ ಆ ಕಲ್ಲು ದುರ್ಬಲವೆಂದು ತಿಳಿಯಬಹುದು. ಅತಿಯಾಗಿ ಕಪ್ಪಾಗಿ ಕಂಡರೆ ಬಿಳಿ ಬಟ್ಟೆಗೆ ಉಗುರುಬಣ್ಣ ತೆಗೆಯುವ ಅಸಿಟೋನ್ ಹಾಕಿ ಉಜ್ಜಿ ನೋಡಬೇಕು. ಬಟ್ಟೆ ಕಪ್ಪಾದರೆ ಅದು ಮೇಲೆ ಹಚ್ಚಿದ ಬಣ್ಣ.

ಕುಣಿಗಲ್‌ನ ಮನೆಯಲ್ಲಿ ಆರಿಸಿದ್ದು ಕ್ವಾರ್ಟ್ಜ್ ಹಾಸು. ಹೆಸರು ಹೀಗಿದ್ದರೂ ಇದು ಗಣಿಯಿಂದ ಹಲಗೆಯಾಗಿ ಬರುವ ಕಲ್ಲಲ್ಲ, ಶೇ 90ರ ಆಸುಪಾಸು ಬೆಣಚುಕಲ್ಲಿನ ಪುಡಿಯನ್ನು ಪ್ಲಾಸ್ಟಿಕ್ ಜಾತಿಯ ರಾಳದಲ್ಲಿ ಕಲಸಿ, ಒತ್ತಿ, ಕಾರ್ಖಾನೆಯಲ್ಲಿ ತಯಾರಿಸುವ ಹಾಸು. ಅದು ಬಿಳುಪಾಗಿ, ಏಕರೂಪವಾಗಿ, ನಿಜಕ್ಕೂ ಚೆಲುವಾಗಿರುತ್ತದೆ, ಹೀರುವುದೂ ಇಲ್ಲ; ಆದರೆ ರಾಳಕ್ಕೆ 150 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲೇ ಕೆಡುಕು ಶುರು, ಬೋಂಡ ಕರಿಯುವ ಎಣ್ಣೆಯ ಬಿಸಿ 180 ದಾಟಿರುತ್ತದೆ. ಹಬ್ಬದ ಗಡಿಬಿಡಿಯಲ್ಲಿ ಯಾರೋ ಇಳಿಸಿಟ್ಟ ಬಾಣಲೆಯಿಂದ ಅಲ್ಲಿ ಮೂಡಿದ ಹಳದಿ ಉಂಗುರವನ್ನು ಉಜ್ಜಿ ತೆಗೆಯಲಾಗಲಿಲ್ಲ, ಏಕೆಂದರೆ ಅದು ಮೇಲಿನ ಕಲೆಯಲ್ಲ, ಸುಟ್ಟ ರಾಳ. ಶಾಖದ ಹಾನಿಗೆ ವಾರಂಟಿ ಅನ್ವಯಿಸದೆಂದು ಕಾಗದದಲ್ಲೇ ಇತ್ತು. ಸಾಧಾರಣ ಗ್ರಾನೈಟಿನ ಎರಡು ಮೂರು ಪಟ್ಟು ಬೆಲೆ ಕೊಟ್ಟು ಇಷ್ಟೊಂದು ಜಾಗ್ರತೆ ಬೇಡುವ ವಸ್ತುವನ್ನು, ಬಿಸಿ ಪಾತ್ರೆಯನ್ನು ನೇರವಾಗಿ ಕಟ್ಟೆಗಿಳಿಸುವ ಮನೆಗಳಿಗೆ ಶಿಫಾರಸು ಮಾಡುವುದು ಸರಿಯೆನಿಸದು.

ಇದಕ್ಕಿಂತ ಗಂಭೀರವಾದ ಮತ್ತೊಂದು ಕಾರಣವಿದೆ. ಕಲ್ಲು ಕತ್ತರಿಸುವಾಗ ಏಳುವ ಸಿಲಿಕಾ ದೂಳು ಶ್ವಾಸಕೋಶದಲ್ಲಿ ಕೂತು ಸಿಲಿಕೋಸಿಸ್ ಎಂಬ ವಾಸಿಯಾಗದ ಕಾಯಿಲೆಯನ್ನು ತರುತ್ತದೆ; ಗ್ರಾನೈಟಿನಲ್ಲಿ ಸಿಲಿಕಾದ ಹರಳು ಸುಮಾರು ಮೂರನೇ ಒಂದು ಪಾಲಾದರೆ ಕ್ವಾರ್ಟ್ಜ್ ಹಾಸಿನಲ್ಲಿ ಬಹುಪಾಲು ಅದೇ. ಕೆಲಸಗಾರರಲ್ಲಿ ಈ ರೋಗ ಹೆಚ್ಚಿದ್ದರಿಂದಲೇ ಆಸ್ಟ್ರೇಲಿಯಾ 2024ರ ಜುಲೈ 1ರಿಂದ ಇಂಥ ಕೃತಕ ಕಲ್ಲನ್ನು ನಿಷೇಧಿಸಿತು. ಯಾವ ಕಲ್ಲೇ ಆದರೂ, ಮನೆಯೊಳಗೆ ಒಣ ಬ್ಲೇಡಿನಿಂದ ಸಿಂಕಿನ ಕಿಂಡಿ ಕೊರೆಯುವ ಹುಡುಗನ ಮುಖಕ್ಕೆ ಬರಿಯ ಟವೆಲು ಕಟ್ಟಿರುವ ದೃಶ್ಯ ನಮ್ಮ ಊರುಗಳಲ್ಲಿ ಸಾಮಾನ್ಯವಾಗಿದೆ, ಆದರೆ ಅದು ಒಪ್ಪತಕ್ಕದ್ದಲ್ಲ. ನೀರು ಹಾಯಿಸುತ್ತ ಕತ್ತರಿಸಬೇಕು, ಹೊರಗೆ ಬಯಲಲ್ಲಿ ಕತ್ತರಿಸಬೇಕು, ದೂಳು ತಡೆಯುವ ಸರಿಯಾದ ಮಾಸ್ಕ್ ಕೊಡಿಸಬೇಕು. ಇದಕ್ಕೆ ತಗಲುವ ಹೆಚ್ಚುವರಿ ಕೂಲಿಯನ್ನು ಮಾತುಕತೆಯ ಮೊದಲ ದಿನವೇ ಲೆಕ್ಕಕ್ಕೆ ಸೇರಿಸುವುದು ಮನೆಯವರ ಹೊಣೆ.

ಹಣ ಎಲ್ಲಿಂದ ಎಂಬುದೂ ಆಯ್ಕೆಯ ಭಾಗವೇ. ಅಡುಗೆಮನೆಯ ಕೆಲಸಕ್ಕೆಂದು 50,000 ರೂಪಾಯಿ ವೈಯಕ್ತಿಕ ಸಾಲವನ್ನು ಶೇ 15ರ ಬಡ್ಡಿಗೆ ಮೂರು ವರ್ಷಕ್ಕೆ ಪಡೆದರೆ ಬಡ್ಡಿಯೇ ಸುಮಾರು 12,400 ರೂಪಾಯಿ, ಮೇಲೆ ಲೆಕ್ಕ ಹಾಕಿದ ಎರಡು ಸ್ಲ್ಯಾಬಿನ ಪೂರ್ತಿ ಬೆಲೆಗಿಂತ ಹೆಚ್ಚು. ವಾಸದ ಮನೆಯ ದುರಸ್ತಿಗೋ ನವೀಕರಣಕ್ಕೋ ಪಡೆದ ಸಾಲದ ಬಡ್ಡಿಗೆ ಹಳೆಯ ತೆರಿಗೆ ಪದ್ಧತಿಯಲ್ಲಿ ವರ್ಷಕ್ಕೆ 30,000 ರೂಪಾಯಿವರೆಗೆ ಕಡಿತವಿದೆ, ಗೃಹಸಾಲದ ಬಡ್ಡಿಗಿರುವ 2 ಲಕ್ಷದ ಮಿತಿಯೊಳಗೇ ಅದು ಸೇರುತ್ತದೆ. ಹೊಸ ಪದ್ಧತಿಯನ್ನು ಆರಿಸಿಕೊಂಡವರ ವಾಸದ ಮನೆಗೆ ಆ ಸೌಲಭ್ಯವಿಲ್ಲ. ತುಮಕೂರಿನ ಮನೆಯಲ್ಲಿ ಸಾಲ ಮಾಡದೆ ಕೊಬ್ಬರಿ ಮಾರಿದ ಹಣ ಬರುವವರೆಗೂ ಕಾದದ್ದರಿಂದ ಕೆಲಸ ತಡವಾಯಿತು, ಹೊರೆ ಆಗಲಿಲ್ಲ.

ಸಾಧಾರಣ ಕರಿ ಅಥವಾ ಬೂದು ಗ್ರಾನೈಟ್ ಆರಿಸಿ ಉಳಿಸಿದ ಹಣವನ್ನು ಖರ್ಚು ಮಾಡಬೇಕಾದ ಜಾಗ ಸಿಂಕಿನ ಸುತ್ತಮುತ್ತ. ಕೊಳವೆಬಾವಿಯ ಗಡಸು ನೀರು ನಿಂತು ಒಣಗಿದಲ್ಲೆಲ್ಲ ಕಪ್ಪು ಕಲ್ಲಿನ ಮೇಲೆ ಸುಣ್ಣದ ಬಿಳಿ ಪದರ ಕಟ್ಟುತ್ತದೆ, ಅದನ್ನು ತೆಗೆಯಲು ಬಚ್ಚಲು ತೊಳೆಯುವ ಆ್ಯಸಿಡ್ ಸುರಿದರೆ ಸಂದಿಯ ಸಿಮೆಂಟೇ ತಿಂದುಹೋಗುತ್ತದೆ. ಆದ್ದರಿಂದ ಕಟ್ಟೆಯ ಇಳಿಜಾರು ಸಿಂಕಿನ ಕಡೆಗೆ ಇರುವಂತೆ, ಮುಂದಿನ ಅಂಚಿನ ತಳಭಾಗದಲ್ಲಿ ನೀರು ಹಿಂದಕ್ಕೆ ಹರಿದು ಕೆಳಗಿನ ಕಪಾಟಿನ ಬಾಗಿಲುಗಳನ್ನು ನೆನೆಸದಂತೆ ಸಣ್ಣ ಗೀರು ಕೊರೆದಿರುವಂತೆ, ಎರಡು ಸ್ಲ್ಯಾಬುಗಳ ಜೋಡಣೆ ಸಿಂಕಿನ ಬಳಿ ಬಾರದಂತೆ ಮೊದಲೇ ಮೇಸ್ತ್ರಿಯೊಡನೆ ಮಾತಾಡಿಕೊಂಡು, ಕೊನೆಯ ಕಂತಿನ ಕೂಲಿ ಕೊಡುವ ಮುಂಚೆ ಕಟ್ಟೆಯ ದೂರದ ಮೂಲೆಯಲ್ಲಿ ಒಂದು ಚೆಂಬು ನೀರು ಸುರಿದು ಅದು ಎತ್ತ ಹರಿಯುತ್ತದೆ ಎಂದು ಮೇಸ್ತ್ರಿಯ ಎದುರಿಗೇ ನೋಡಿಕೊಳ್ಳಬೇಕು.