ಮೋಡ ಕವಿದ ಬೇಸಗೆಯಲ್ಲಿ ವನದ ಚಿಟ್ಟೆಗಳು

ಬೇಸಗೆ ಎಂದೊಡನೆ ನಮ್ಮ ಕಣ್ಣಮುಂದೆ ನಿಲ್ಲುವುದು ಕಾದ ಡಾಂಬರು ರಸ್ತೆ, ಬತ್ತಿದ ಕೆರೆ, ಮಾವಿನ ಹಣ್ಣು ಮತ್ತು ಶಾಲೆಯ ರಜೆ. ಇಂಗ್ಲೆಂಡಿನ ಬೇಸಗೆ ಇದಕ್ಕಿಂತ ತೀರ ಬೇರೆಯಾದುದು. ಜೂನ್, ಜುಲೈ, ಆಗಸ್ಟ್ ಅಲ್ಲಿಯ ಬೇಸಗೆಯ ತಿಂಗಳುಗಳು. ಉಷ್ಣಮಾಪಕದ ಪಾದರಸವು 20 ಡಿಗ್ರಿ ಸೆಲ್ಸಿಯಸನ್ನು ದಾಟಿತೆಂದರೆ ಅಲ್ಲಿಯ ಜನ ಹಿತವಾದ ದಿನವೆಂದು ಹಿಗ್ಗುತ್ತಾರೆ. ಕೆಲವು ವರ್ಷಗಳಲ್ಲಂತೂ ಆ ಸುಖವೂ ಅಪರೂಪ. ಬೆಳಿಗ್ಗೆ ಬಿಸಿಲು, ಹತ್ತು ಗಂಟೆಗೆ ಮೋಡ, ಮಧ್ಯಾಹ್ನಕ್ಕೆ ಮಳೆ, ಸಂಜೆಗೆ ತಣ್ಣನೆಯ ಗಾಳಿ ಎಂಬಂತೆ ದಿನಗಳು ಕಳೆದುಹೋಗುತ್ತವೆ. ಇಂಥ ಬೇಸಗೆಯಲ್ಲಿ ದಕ್ಷಿಣ ಇಂಗ್ಲೆಂಡಿನ ಓಕ್ ಮರಗಳ ಕಾಡನ್ನು ಹೊಕ್ಕವನಿಗೆ ಚಿಟ್ಟೆಗಳು ಎಲ್ಲಿ ದೊರೆಯುತ್ತವೆ, ಅವುಗಳ ಛಾಯಾಚಿತ್ರವನ್ನು ಹೇಗೆ ತೆಗೆಯಬೇಕು ಎಂಬುದು ಈ ಪಾಠದ ವಿಷಯ. ಚಿಟ್ಟೆಯನ್ನು ಧಾರವಾಡದ ಕಡೆಯವರು ಪಾತರಗಿತ್ತಿ ಎನ್ನುತ್ತಾರೆ. ನಮ್ಮಲ್ಲಿ ಎರಡು ಹೆಸರುಗಳೂ ನಡೆಯುವ ಮನೆಗಳಿಂದ ಬಂದ ಮಕ್ಕಳಿದ್ದಾರೆ. ಯಾವ ಹೆಸರಿನಿಂದ ಕರೆದರೂ ಪ್ರಾಣಿ ಒಂದೇ.

ದೂರದ ದೇಶದ ಚಿಟ್ಟೆಗಳ ವಿಚಾರ ನಮಗೇಕೆ ಎಂದು ನೀವು ಕೇಳಬಹುದು. ಆ ದೇಶದಲ್ಲಿರುವ ಚಿಟ್ಟೆಗಳ ಜಾತಿಗಳು ಸುಮಾರು 60 ಮಾತ್ರ. ಆದರೆ ಅಷ್ಟನ್ನೇ 1976ರಿಂದ ಎಡೆಬಿಡದೆ, ಒಂದೇ ಕ್ರಮದಲ್ಲಿ ಎಣಿಸುತ್ತ ಬಂದಿರುವುದರಿಂದ, ಹವೆಗೂ ಚಿಟ್ಟೆಗೂ ಇರುವ ಸಂಬಂಧವನ್ನು ಅಲ್ಲಿ ಕಂಡಷ್ಟು ಸ್ಪಷ್ಟವಾಗಿ ಬೇರೆ ಕಡೆ ಕಾಣುವುದು ಕಷ್ಟ.

ಮೊದಲು ಚಿಟ್ಟೆಯ ದೇಹಸ್ಥಿತಿಯನ್ನು ತಿಳಿದುಕೊಳ್ಳೋಣ. ನಮ್ಮ ದೇಹವು ಚಳಿಯಲ್ಲಿಯೂ ಸೆಕೆಯಲ್ಲಿಯೂ ತನ್ನ ಶಾಖವನ್ನು ತಾನೇ ಕಾಪಾಡಿಕೊಳ್ಳುತ್ತದೆ. ಚಿಟ್ಟೆಗೆ ಆ ಶಕ್ತಿ ಬಹಳ ಕಡಿಮೆ. ರೆಕ್ಕೆಯನ್ನು ಆಡಿಸುವ ಎದೆಯ ಸ್ನಾಯುಗಳು ಸುಮಾರು 30 ಡಿಗ್ರಿಗೆ ಕಾಯ್ದ ಹೊರತು ಅದು ಚೆನ್ನಾಗಿ ಹಾರಲಾರದು. ಹೊರಗಿನ ಗಾಳಿ 16 ಡಿಗ್ರಿಯಷ್ಟೇ ಇದ್ದಾಗ ಉಳಿದ ಶಾಖವನ್ನು ಎಲ್ಲಿಂದ ತರಬೇಕು? ಸೂರ್ಯನಿಂದಲೇ. ಅದಕ್ಕಾಗಿ ಚಿಟ್ಟೆಯು ಬಿಸಿಲು ಬಿದ್ದ ಎಲೆಯ ಮೇಲೆ ಕುಳಿತು ರೆಕ್ಕೆಗಳನ್ನು ಪೂರ್ತಿಯಾಗಿ ಬಿಚ್ಚಿ ಬಿಸಿಲು ಕಾಯಿಸಿಕೊಳ್ಳುತ್ತದೆ. ಬ್ರಿಮ್‌ಸ್ಟೋನ್ ಎಂಬ ಹಳದಿ ಚಿಟ್ಟೆಯದು ಬೇರೆಯೇ ರೀತಿ. ಅದು ಕುಳಿತಾಗ ರೆಕ್ಕೆ ಬಿಚ್ಚುವುದೇ ಇಲ್ಲ, ಮಡಿಸಿದ ರೆಕ್ಕೆಯ ಒಂದು ಪಕ್ಕವನ್ನು ಸೂರ್ಯನಿಗೆ ಎದುರಾಗಿ ಹಿಡಿಯುತ್ತದೆ. ರಿಂಗ್ಲೆಟ್ ಎಂಬ ಕಡುಕಂದು ಬಣ್ಣದ ಚಿಟ್ಟೆಯಾದರೋ ಇತರ ಚಿಟ್ಟೆಗಳೆಲ್ಲ ಅಡಗಿರುವ ಮೋಡದ ಹೊತ್ತಿನಲ್ಲಿಯೂ, ಸಣ್ಣ ತುಂತುರಿನಲ್ಲಿಯೂ ಹುಲ್ಲಿನ ಮೇಲೆ ತೂರಾಡುತ್ತ ಹಾರುವುದನ್ನು ಕಾಣಬಹುದು. ಕಪ್ಪು ಬಟ್ಟೆ ಬಿಸಿಲನ್ನು ಹೆಚ್ಚು ಹೀರುತ್ತದೆಂದು ನೀವು ಭೌತವಿಜ್ಞಾನದ ಪಾಠದಲ್ಲಿ ಓದಿದ್ದೀರಲ್ಲವೆ? ಕಪ್ಪಾದ ರೆಕ್ಕೆಗೂ ಅದೇ ನ್ಯಾಯ.

ಹೀಗಿರುವುದರಿಂದ ತಂಪಾದ ಬೇಸಗೆಯಲ್ಲಿ ಚಿಟ್ಟೆಯನ್ನು ಹುಡುಕುವವನು ಹೂವನ್ನು ಅರಸುವುದಕ್ಕೆ ಮೊದಲು ಬಿಸಿಲನ್ನು ಅರಸಬೇಕು. ದಟ್ಟವಾದ ಕಾಡಿನೊಳಗೆ ನೆಲದ ಮೇಲೆ ಬಿಸಿಲು ಹಾಸಿದಂತೆ ಬೀಳುವುದಿಲ್ಲ. ಮರಗಳ ಸಂದಿನಿಂದ ಇಳಿದು ಅಲ್ಲೊಂದು ಇಲ್ಲೊಂದು ತೇಪೆಯಾಗಿ ಬೀಳುತ್ತದೆ. ಈ ತೇಪೆಗಳಿಗೆ ಒಡೆಯರುಂಟು! ಸ್ಪೆಕಲ್ಡ್ ವುಡ್ ಎಂಬ, ಕಂದು ಮೈಯ ಮೇಲೆ ಕೆನೆಬಣ್ಣದ ಚುಕ್ಕೆಗಳುಳ್ಳ ಚಿಟ್ಟೆಯ ಗಂಡು, ಒಂದು ಬಿಸಿಲ ತೇಪೆಯನ್ನು ತನ್ನದೆಂದು ಹಿಡಿದು ಕುಳಿತಿರುತ್ತದೆ. ಅದೇ ಜಾತಿಯ ಇನ್ನೊಂದು ಗಂಡು ಅಲ್ಲಿಗೆ ಬಂದಿತೋ, ಎರಡೂ ಒಂದನ್ನೊಂದು ಸುತ್ತುತ್ತ ಮೇಲಕ್ಕೇರುತ್ತವೆ. ಕೆಲವು ಕ್ಷಣಗಳಲ್ಲಿ ಒಂದು ಓಡಿಹೋಗುತ್ತದೆ, ಇನ್ನೊಂದು ಹಿಂತಿರುಗಿ ಬಂದು ಕುಳಿತುಕೊಳ್ಳುತ್ತದೆ. ಆಕ್ಸ್‌ಫರ್ಡ್ ನಗರದ ಬಳಿಯ ವೈಥಮ್ ಕಾಡಿನಲ್ಲಿ ನಿಕೋಲಸ್ ಡೇವೀಸ್ ಎಂಬ ವಿಜ್ಞಾನಿ ಈ ಕಾಳಗವನ್ನು ನೋಡಿ, 1978ರಲ್ಲಿ ತನ್ನ ಅಧ್ಯಯನವನ್ನು ಪ್ರಕಟಿಸಿದರು. ಮೊದಲು ಬಂದು ಕುಳಿತಿದ್ದ ಚಿಟ್ಟೆಯೇ ಗೆಲ್ಲುತ್ತದೆ ಎಂದು ಅವರು ಕಂಡುಕೊಂಡರು. ಅಷ್ಟೇ ಅಲ್ಲ, ಅವರು ಒಡೆಯನಾದ ಚಿಟ್ಟೆಯನ್ನು ಹಿಡಿದಿಟ್ಟುಕೊಂಡಾಗ ಬೇರೊಂದು ಬಂದು ಆ ತೇಪೆಯಲ್ಲಿ ನೆಲಸಿತು. ಆಮೇಲೆ ಹಳೆಯ ಒಡೆಯನನ್ನು ಬಿಟ್ಟರೆ ಈಗ ಸೋತುಹೋದದ್ದು ಅದೇ! ಈ ಸೋಲಿಗೆ ಕಾರಣವೇನು? ಬಿಸಿಲಲ್ಲಿ ಕುಳಿತಿದ್ದ ಚಿಟ್ಟೆಯ ಮೈ ಕಾದಿರುತ್ತದೆ, ನೆರಳಿನಿಂದ ಬಂದದ್ದು ತಣ್ಣಗಿರುತ್ತದೆ. ಆದುದರಿಂದ ಗೆಲುವು ಒಡೆತನದ್ದಲ್ಲ, ಶಾಖದ್ದಿರಬಹುದು ಎಂದು 1998ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ ಸೂಚಿಸಿತು. ನನಗೆ ಈ ಎರಡನೆಯ ವಿವರಣೆಯೇ ಹೆಚ್ಚು ಹಿಡಿಸುತ್ತದೆ. ಚಿಟ್ಟೆಯ ಜಗಳಕ್ಕೆ ನ್ಯಾಯಾಲಯದ ಭಾಷೆಗಿಂತ ಉಷ್ಣಮಾಪಕದ ಭಾಷೆ ಚೆನ್ನಾಗಿ ಹೊಂದುತ್ತದೆ.

ಇನ್ನು ಛಾಯಾಚಿತ್ರದ ಮಾತು. ಕಡುಬಿಸಿಲಿನ ನಡುಹಗಲಿನಲ್ಲಿ ಚಿಟ್ಟೆ ಒಂದು ಕಡೆ ನಿಲ್ಲುವುದಿಲ್ಲ. ಕ್ಯಾಮೆರ ಹಿಡಿದವನು ಅದರ ಹಿಂದೆ ಓಡಿ ಬೆವರುವುದಷ್ಟೇ ಲಾಭ. ತಂಪಾದ ಬೇಸಗೆಯಲ್ಲಿ ಈ ಮಾತು ತಿರುಗಿಬೀಳುತ್ತದೆ. ಮೋಡ ಸರಿದು ಬಿಸಿಲು ಬಿದ್ದ ಮೊದಲ ಕೆಲವು ನಿಮಿಷಗಳಲ್ಲಿ ಚಿಟ್ಟೆಗಳು ಅಡಗಿದ್ದ ಎಲೆಯಡಿಯಿಂದ ಹೊರಬಂದು, ಹಾರುವಷ್ಟು ಕಾಯುವ ತನಕ ರೆಕ್ಕೆ ಬಿಚ್ಚಿ ಕುಳಿತಿರುತ್ತವೆ. ಛಾಯಾಗ್ರಾಹಕನ ಮುಹೂರ್ತ ಅದೇ. ಆಗ ತಗ್ಗಿ, ನಿಧಾನವಾಗಿ, ತನ್ನ ನೆರಳು ಅದರ ಮೇಲೆ ಬೀಳದಂತೆ ಹತ್ತಿರ ಹೋಗಬೇಕು. ನೆರಳು ಬಿದ್ದರೆ ಅದರ ಪಾಲಿಗೆ ಸೂರ್ಯನೇ ನಂದಿದಂತೆ, ಒಡನೆಯೆ ಹಾರಿಹೋಗುತ್ತದೆ. ಕ್ಯಾಮೆರದ ಮುಖವು ಬಿಚ್ಚಿದ ರೆಕ್ಕೆಗೆ ಸಮಾನಾಂತರವಾಗಿರಬೇಕು. ಇಲ್ಲವಾದರೆ ಒಂದು ರೆಕ್ಕೆ ಸ್ಪಷ್ಟವಾಗಿ ಮೂಡಿ ಇನ್ನೊಂದು ಮಸುಕಾಗುತ್ತದೆ. ಕಾಡಿನ ಗಾಳಿಗೆ ಎಲೆ ಅಲುಗುವುದರಿಂದ ಷಟರಿನ ವೇಗ ಸೆಕೆಂಡಿನ ಇನ್ನೂರೈವತ್ತನೆಯ ಒಂದು ಪಾಲಿಗಿಂತ ನಿಧಾನವಾಗದಿರುವುದು ಲೇಸು. ಮೋಡದ ಬೆಳಕು ಮಂದವೆಂಬುದು ನಿಜ, ಆದರೆ ಅದರಲ್ಲಿ ಕಡುನೆರಳುಗಳಿಲ್ಲದಿರುವುದರಿಂದ ರೆಕ್ಕೆಯ ಬಣ್ಣಗಳು ಇದ್ದಂತೆಯೇ ಬರುತ್ತವೆ. ಇಂದು ಕೈಯಲ್ಲಿರುವ ಫೋನಿನಿಂದಲೂ ಒಳ್ಳೆಯ ಚಿತ್ರ ತೆಗೆಯಬಹುದು. ಹತ್ತಿರ ಹೋಗುವ ತಾಳ್ಮೆ ಮಾತ್ರ ಫೋನಿನೊಳಗೆ ಇರುವುದಿಲ್ಲ.

ಒಂದು ಚಿಟ್ಟೆಗೆ ಎರಡು ಚಿತ್ರಗಳು ಬೇಕು, ರೆಕ್ಕೆಯ ಮೇಲ್ಮೈಯದೊಂದು, ಕೆಳಮೈಯದೊಂದು. ಸಿಲ್ವರ್-ವಾಷ್ಡ್ ಫ್ರಿಟಿಲರಿ ಎಂಬ ದೊಡ್ಡ ಕಿತ್ತಳೆಬಣ್ಣದ ವನಚಿಟ್ಟೆಗೆ ಆ ಹೆಸರು ಬಂದದ್ದು ಹಿಂದಿನ ರೆಕ್ಕೆಯ ಕೆಳಮೈಯಲ್ಲಿ ಬೆಳ್ಳಿಯ ನೀರು ಹರಿದಂತಿರುವ ಗೆರೆಗಳಿಂದ. ಮೇಲಿನಿಂದ ತೆಗೆದ ಚಿತ್ರದಲ್ಲಿ ಅವು ಕಾಣುವುದಿಲ್ಲ. ಪರ್ಪಲ್ ಎಂಪರರ್, ಎಂದರೆ ನೇರಳೆಯ ಚಕ್ರವರ್ತಿ, ಛಾಯಾಗ್ರಾಹಕನನ್ನು ಬೇರೊಂದು ಬಗೆಯಲ್ಲಿ ಕಾಡುತ್ತದೆ. ಗಂಡಿನ ರೆಕ್ಕೆಯಲ್ಲಿ ನೇರಳೆ ಬಣ್ಣದ ದ್ರವ್ಯವೇ ಇಲ್ಲ. ಅದರ ಹುರುಪೆಗಳ ಸೂಕ್ಷ್ಮ ರಚನೆಯಿಂದ ಬೆಳಕು ಒಂದು ಕೋನದಲ್ಲಿ ಮಾತ್ರ ನೇರಳೆಯಾಗಿ ಹೊಳೆಯುತ್ತದೆ. ಒಂದು ಹೆಜ್ಜೆ ಪಕ್ಕಕ್ಕೆ ಸರಿದರೆ ಚಕ್ರವರ್ತಿಯ ಪೋಷಾಕು ಹೋಗಿ ಕಪ್ಪುಕಂದು ರೆಕ್ಕೆ ಉಳಿಯುತ್ತದೆ! ಇದು ಹೂಗಳ ಬಳಿಗೆ ಬರುವುದಿಲ್ಲ. ಓಕ್ ಮರಗಳ ತುದಿಯಲ್ಲಿ ಹಾರಾಡಿಕೊಂಡಿದ್ದು, ಬೆಳಗಿನ ಹೊತ್ತು ಒದ್ದೆ ದಾರಿಗೋ ಪ್ರಾಣಿಗಳ ಸಗಣಿ ಲದ್ದಿಗಳ ಮೇಲೋ ಇಳಿದು ಲವಣಗಳನ್ನು ಹೀರುತ್ತದೆ. ಚಕ್ರವರ್ತಿಯ ಚಿತ್ರ ಬೇಕಾದವನು ಲದ್ದಿಯ ಪಕ್ಕದಲ್ಲಿ ಮೊಣಕಾಲೂರಬೇಕು.

ಇಷ್ಟೆಲ್ಲ ಅರಿತು ಹೋದರೂ ಒಂದು ಚಿಟ್ಟೆಯೂ ಕಾಣದ ದಿನಗಳುಂಟು. ಆಗ ಏಳುವ ಪ್ರಶ್ನೆ ಬಹು ಮುಖ್ಯವಾದುದು: ಇಂದು ಚಿಟ್ಟೆ ಕಾಣಲಿಲ್ಲವೋ, ಇಲ್ಲವೇ ಈ ಕಾಡಿನಲ್ಲಿ ಚಿಟ್ಟೆ ಇಲ್ಲವೋ? ತಂಪಿಗೆ ಎಲೆಯಡಿ ಕುಳಿತದ್ದು ನಾಳೆ ಬಿಸಿಲಿಗೆ ಬರುತ್ತದೆ, ಅಳಿದುಹೋದದ್ದು ಬರುವುದಿಲ್ಲ. ನೋಡುವ ಕಣ್ಣಿಗೆ ಎರಡು ದಿನಗಳೂ ಒಂದೇ ಬಗೆಯಾಗಿ ಬರಿದಾಗಿರುತ್ತವೆ. ಈ ಭೇದವನ್ನು ತಿಳಿಯಲು ಕೇಂಬ್ರಿಜ್‌ಷೈರಿನ ಮಾಂಕ್ಸ್ ವುಡ್ ಎಂಬಲ್ಲಿದ್ದ ಸಂಶೋಧನ ಕೇಂದ್ರದ ಅರ್ನೆಸ್ಟ್ ಪೊಲ್ಲಾರ್ಡ್ ಮತ್ತು ಅವರ ಸಹೋದ್ಯೋಗಿಗಳು 1970ರ ದಶಕದಲ್ಲಿ ಒಂದು ಸರಳವಾದ ಕ್ರಮವನ್ನು ರೂಪಿಸಿದರು. ಏಪ್ರಿಲಿನಿಂದ ಸೆಪ್ಟೆಂಬರಿನ ವರೆಗೆ ವಾರಕ್ಕೊಮ್ಮೆ ಒಂದೇ ಗೊತ್ತಾದ ದಾರಿಯಲ್ಲಿ ಒಂದೇ ವೇಗದಿಂದ ನಡೆಯಬೇಕು. 5 ಮೀಟರು ಅಗಲದೊಳಗೆ ಕಂಡ ಚಿಟ್ಟೆಗಳನ್ನು ಮಾತ್ರ ಎಣಿಸಬೇಕು. ಹೊತ್ತು ಬೆಳಿಗ್ಗೆ 10-45ರಿಂದ ಮಧ್ಯಾಹ್ನ 3-45ರ ಒಳಗೆ ಇರಬೇಕು. ಉಷ್ಣತೆ 13 ಡಿಗ್ರಿಗಿಂತ ಕಡಿಮೆಯಿದ್ದರೆ ಎಣಿಕೆಯೇ ಕೂಡದು. 13ರಿಂದ 17 ಡಿಗ್ರಿಯಿದ್ದರೆ ನಡೆದ ಹೊತ್ತಿನಲ್ಲಿ ನೂರಕ್ಕೆ 60 ಪಾಲಾದರೂ ಬಿಸಿಲಿರಬೇಕು. 17ಕ್ಕಿಂತ ಹೆಚ್ಚಿದ್ದರೆ ಮೋಡವಿದ್ದರೂ ಚಿಂತೆಯಿಲ್ಲ, ಮಳೆ ಮಾತ್ರ ಬೀಳಬಾರದು. ಚಿಟ್ಟೆಗಳು ಹಾರಬಲ್ಲ ಹವೆಯಲ್ಲಿ ಮಾತ್ರ ಎಣಿಸಿದುದರಿಂದ, ಸಂಖ್ಯೆ ಇಳಿಯಿತೆಂದರೆ ಅವು ಅಡಗಿ ಕುಳಿತಿವೆ ಎಂಬ ಸಮಾಧಾನಕ್ಕೆ ಹೆಚ್ಚು ಎಡೆಯಿರುವುದಿಲ್ಲ.

ಈ ಎಣಿಕೆಯಿಂದ ತಂಪಾದ ಬೇಸಗೆಯ ನಿಜವಾದ ಪೆಟ್ಟು ಎಲ್ಲಿ ಬೀಳುತ್ತದೆಂಬುದು ತಿಳಿದುಬಂದಿತು. ವೈಟ್ ಅಡ್ಮಿರಲ್ ಎಂಬ, ಕಪ್ಪು ರೆಕ್ಕೆಯ ಮೇಲೆ ಬಿಳಿಯ ಪಟ್ಟಿಯುಳ್ಳ ಚಿಟ್ಟೆಯನ್ನು ನೋಡಿರಿ. ಇದು ಕಾಡಿನ ನೆರಳಿನಲ್ಲಿ ಬೆಳೆದ ಹನಿಸಕಲ್ ಎಂಬ ಬಳ್ಳಿಯ ಎಲೆಯ ಮೇಲೆ ಮೊಟ್ಟೆಯಿಡುತ್ತದೆ. ಮರಿಹುಳು ಎಲೆಯನ್ನು ಸುರುಳಿ ಸುತ್ತಿ ರೇಷ್ಮೆಯ ಎಳೆಯಿಂದ ಬಿಗಿದು ಅದರೊಳಗೆ ಚಳಿಗಾಲವನ್ನು ಕಳೆಯುತ್ತದೆ. ವಸಂತದಲ್ಲಿ ಮತ್ತೆ ತಿಂದು ಬೆಳೆದು ಕೋಶವಾಗುತ್ತದೆ. ಜೂನ್ ತಿಂಗಳು ಬೆಚ್ಚಗಿದ್ದರೆ ಈ ಕೊನೆಯ ಹಂತ ಬೇಗ ಮುಗಿಯುತ್ತದೆ. ಜೂನ್ ತಣ್ಣಗಾದರೆ ಬೆಳವಣಿಗೆ ನಿಧಾನವಾಗಿ, ಹುಳುವೂ ಕೋಶವೂ ಇನ್ನೂ ಹೆಚ್ಚು ದಿನ ಬಳ್ಳಿಯಲ್ಲಿಯೇ ಇರಬೇಕಾಗುತ್ತದೆ. ಅಷ್ಟೂ ದಿನ ಹಕ್ಕಿಗಳು ಅವನ್ನು ಹುಡುಕಿ ತಿನ್ನುತ್ತವೆ. ಚಳಿ ನೇರವಾಗಿ ಕೊಲ್ಲುವುದಕ್ಕಿಂತ ಹಕ್ಕಿಗೆ ಸಮಯ ಕೊಟ್ಟು ಕೊಲ್ಲಿಸುತ್ತದೆ ಎಂದು ಪೊಲ್ಲಾರ್ಡರ ಅಧ್ಯಯನದಿಂದ ತಿಳಿಯಿತು. ಹುಟ್ಟಿ ಬಂದ ಚಿಟ್ಟೆಗೂ ಕಷ್ಟ ತಪ್ಪಿದ್ದಲ್ಲ. ಫ್ರಿಟಿಲರಿಯ ಹೆಣ್ಣು ಓಕ್ ಮರದ ತೊಗಟೆಯ ಬಿರುಕಿನಲ್ಲಿ, ಕೆಳಗೆ ವಯೊಲೆಟ್ ಗಿಡಗಳಿರುವ ಎಡೆಯನ್ನು ನೋಡಿ, ಒಂದೊಂದೇ ಮೊಟ್ಟೆಯಿಡುತ್ತದೆ. ಬಿಸಿಲಿಲ್ಲದ ದಿನ ಅದು ಹಾರುವುದೂ ಇಲ್ಲ, ಇಡುವುದೂ ಇಲ್ಲ. ಅದರ ಆಯುಸ್ಸಾದರೋ ಕೆಲವೇ ವಾರಗಳದು.

2012ರ ಬೇಸಗೆ ಆ ದೇಶದಲ್ಲಿ ನೂರು ವರ್ಷಗಳಲ್ಲಿಯೇ ಅತಿ ಹೆಚ್ಚು ಮಳೆಯ ಬೇಸಗೆಯಾಗಿತ್ತು. ಎಣಿಸಿದ 56 ಜಾತಿಗಳಲ್ಲಿ 52 ಜಾತಿಗಳು ಹಿಂದಿನ ವರ್ಷಕ್ಕಿಂತ ಕಡಿಮೆಯಾದವು. ಮರುವರ್ಷದ ಬೆಚ್ಚನೆಯ ಜುಲೈಯಲ್ಲಿ ಬಹುಪಾಲು ಜಾತಿಗಳು ಚೇತರಿಸಿಕೊಂಡವು. 2024ರಲ್ಲಿ ಮಳೆಯ ವಸಂತದ ಬೆನ್ನಿಗೇ ಮತ್ತೆ ತಂಪಾದ ಬೇಸಗೆ ಬಂದಿತು. ಜನಸಾಮಾನ್ಯರು ಹದಿನೈದು ನಿಮಿಷ ನಿಂತು ಎಣಿಸುವ ಇನ್ನೊಂದು ಗಣತಿ ಅಲ್ಲಿ 2010ರಿಂದ ನಡೆದಿದೆ; ಆ ವರ್ಷ ಒಂದು ಎಣಿಕೆಗೆ ಸರಾಸರಿ 7 ಚಿಟ್ಟೆಗಳು ಮಾತ್ರ ಕಂಡವು. ಹಿಂದಿನ ವರ್ಷ 12 ಕಂಡಿದ್ದುವು. ಹೂವಿನ ಬಯಲುಗಳೂ ಹಳೆಯ ಕಾಡುಗಳೂ ಉಳಿದಿದ್ದರೆ ಒಂದು ಕೆಟ್ಟ ವರ್ಷವನ್ನು ಚಿಟ್ಟೆ ತಾಳಿಕೊಳ್ಳಬಲ್ಲದು. ನೆಲೆಯೇ ಹರಿದು ಚೂರಾಗಿರುವಲ್ಲಿ, ಒಂದು ಚೂರಿನಲ್ಲಿ ಅಳಿದ ಚಿಟ್ಟೆಯ ಸ್ಥಾನಕ್ಕೆ ಮತ್ತೊಂದು ಚೂರಿನಿಂದ ಬಂದು ಸೇರುವುದು ಕಷ್ಟ.

ಮುಂಬಯಿಯಲ್ಲಿರುವ ನಮಗೆ ಬೊರಿವಲಿಯ ಸಂಜಯ ಗಾಂಧಿ ರಾಷ್ಟ್ರೀಯ ಉದ್ಯಾನ ರೈಲಿನ ದಾರಿಯಲ್ಲಿಯೇ ಇದೆ. ಇಡೀ ಇಂಗ್ಲೆಂಡಿನಲ್ಲಿರುವುದಕ್ಕಿಂತ ಎರಡು ಪಟ್ಟಿಗೂ ಹೆಚ್ಚು ಜಾತಿಯ ಚಿಟ್ಟೆಗಳು ಆ ಒಂದು ಕಾಡಿನಲ್ಲಿವೆ. 2015ರಲ್ಲಿ ಮಹಾರಾಷ್ಟ್ರದ ರಾಜ್ಯಚಿಟ್ಟೆಯೆಂದು ಘೋಷಿತವಾದ ಬ್ಲೂ ಮಾರ್ಮನ್ ಅವುಗಳಲ್ಲಿ ಒಂದು. ನಮ್ಮಲ್ಲಿ ಹಗಲಿನ ಉಷ್ಣತೆ 17 ಡಿಗ್ರಿಗೆ ಇಳಿಯುವ ಮಾತಿಲ್ಲ. ನಮ್ಮ ಚಿಟ್ಟೆಗಳನ್ನು ತಡೆಯುವುದು ಜುಲೈಯ ಜಡಿಮಳೆ. ಹಾಗೆ ನೋಡಿದರೆ ಮಳೆ ಬಿಡುವು ಕೊಟ್ಟು ಮೋಡದ ಸಂದಿನಿಂದ ಬಿಸಿಲು ಇಣುಕುವ ಆಗಸ್ಟ್, ಸೆಪ್ಟೆಂಬರಿನ ದಿನಗಳೇ ನಮ್ಮ ಪಾಲಿನ ಇಂಗ್ಲಿಷ್ ಬೇಸಗೆ. ಪೊಲ್ಲಾರ್ಡರ ನಡಿಗೆಯ ಕ್ರಮವನ್ನು ಭಾರತದ ಸಂಶೋಧಕರೂ ಅನುಸರಿಸುತ್ತಾರೆ; ನೀವೂ ಹಿರಿಯರೊಬ್ಬರನ್ನು ಜೊತೆಗೆ ಕರೆದುಕೊಂಡು ಅನುಸರಿಸಬಹುದು. ಬಲೆ ಬೇಡ, ರಾಷ್ಟ್ರೀಯ ಉದ್ಯಾನದಲ್ಲಿ ಅನುಮತಿಯಿಲ್ಲದೆ ಚಿಟ್ಟೆ ಹಿಡಿಯುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆಗೆ ವಿರುದ್ಧ. ಚಿತ್ರಕ್ಕಾಗಿ ಕಾಲುದಾರಿಯನ್ನು ಬಿಟ್ಟು ಪೊದೆಗೆ ನುಗ್ಗುವುದೂ ಸಲ್ಲದು, ಏಕೆಂದರೆ ಅಲ್ಲಿಯೇ ಮೊಟ್ಟೆಯೂ ಹುಳುವೂ ಇರುತ್ತವೆ. ಒಂದು ಟಿಪ್ಪಣಿ ಪುಸ್ತಕದಲ್ಲಿ ದಿನಾಂಕ, ಹೊರಟ ಹೊತ್ತು, ಮೋಡವೆಷ್ಟು ಬಿಸಿಲೆಷ್ಟು, ಕಂಡ ಚಿಟ್ಟೆಗಳ ಹೆಸರು ಮತ್ತು ಸಂಖ್ಯೆ ಇವನ್ನು ಬರೆಯಿರಿ. ಹೆಸರು ತಿಳಿಯದಿದ್ದರೆ ಚಿತ್ರದ ಸಂಖ್ಯೆಯನ್ನು ಬರೆದಿಟ್ಟು ಆಮೇಲೆ ವಿಜ್ಞಾನದ ಅಧ್ಯಾಪಕರಿಗೆ ತೋರಿಸಿರಿ. ಒಂದೂ ಕಾಣದಿದ್ದ ವಾರದ ಸಾಲಿನಲ್ಲಿ ಸೊನ್ನೆಯನ್ನು ಬರೆಯಬೇಕು, ಖಾಲಿ ಬಿಡಬಾರದು. ಖಾಲಿ ಬಿಟ್ಟರೆ ನೀವು ಹೋಗಿ ಕಾಣಲಿಲ್ಲವೋ, ಹೋಗಲೇ ಇಲ್ಲವೋ ಎಂದು ಮುಂದಿನ ವರ್ಷ ಪುಸ್ತಕವನ್ನು ತೆರೆದವರಿಗೆ ತಿಳಿಯುವುದಿಲ್ಲ.