ಜೀನು ಕೊಳ್ಳುವ ಮುಂಚೆ

ತಮ್ಮಾ, ಕುದುರೆ ತಂದಿದ್ದೀಯ, ಸಂತೋಷ. ಗೌನಿಪಲ್ಲಿಯಿಂದ ರಾಯಲ್ಪಾಡು ಕಡೆಗೆ ಓಡಿಸಿ ಪಳಗಿಸಿ, ಮುಂದೆ ಎಂಡ್ಯೂರೆನ್ಸ್ ಸ್ಪರ್ಧೆಗೆ ಇಳಿಯುತ್ತೀನಿ ಅಂತೀಯ. ಇಳಿ. ಆದರೆ ಆ ಸ್ಪರ್ಧೆಯ ದೊಡ್ಡ ಓಟ ಒಂದೇ ದಿನಕ್ಕೆ 160 ಕಿಲೋಮೀಟರು. ನಡುನಡುವೆ ಪಶುವೈದ್ಯರು ನಾಡಿ ಎಣಿಸುತ್ತಾರೆ, ನಡಿಗೆ ನೋಡುತ್ತಾರೆ, ಬೆನ್ನೂ ಒತ್ತಿ ನೋಡುತ್ತಾರೆ. ಬೆನ್ನು ನೊಂದ ಕುದುರೆಗೆ ಅಲ್ಲಿಗೇ ಓಟ ಮುಗಿದೀತು.

ನಮ್ಮ ದೇಶದಲ್ಲಿ ಜೀನು ಅಂದರೆ ಕಾನ್ಪುರ. ಚರ್ಮದ ಹೊಳಪು ನೋಡಿ ಮರುಳಾಗಬೇಡ, ಒಳಗಿನ ಚೌಕಟ್ಟಿನ ಅಗಲ ನೋಡು. ಪ್ಯಾಡು ಹಾಕದೆ ಬರೀ ಜೀನನ್ನು ಬೆನ್ನ ಮೇಲಿಡು. ಮುಂಗಾಲು ಎತ್ತಿ ಮುಂದಕ್ಕೆಳೆದರೆ ಹೆಗಲ ಮೂಳೆಯ ಮೇಲ್ತುದಿ ಹಿಂದಕ್ಕೆ ಸರಿಯುತ್ತೆ. ಜೀನು ಅದಕ್ಕೆ ಅಡ್ಡ ಬರಬಾರದು. ಹಿಂದುಗಡೆ ಕೊನೆಯ ಪಕ್ಕೆಲುಬು ದಾಟಬಾರದು. ನೀನು ಹತ್ತಿ ಕೂತ ಮೇಲೂ ಹೆಗಲ ದಿಬ್ಬದ ಮೇಲೆ ಎರಡು ಬೆರಳು ಆಡಬೇಕು. ಬೆನ್ನುಮೂಳೆಗಂತೂ ಎಲ್ಲೂ ತಾಕಕೂಡದು. ಅಮೆರಿಕದ ಸೈನ್ಯ 1859ರಲ್ಲಿ ಒಪ್ಪಿಕೊಂಡ ಮೆಕ್ಲೆಲನ್ ಜೀನಿಗೆ ನಡುವೆ ಉದ್ದಕ್ಕೂ ಸೀಳೇ ಇತ್ತು. ನಮ್ಮ ಮೈಸೂರು ಲ್ಯಾನ್ಸರ್ಸ್ 1918ರ ಸೆಪ್ಟೆಂಬರ್ 23ರಂದು ಹೈಫಾದಲ್ಲಿ ಗೆದ್ದದ್ದನ್ನು ಎಲ್ಲರೂ ಹೇಳುತ್ತಾರೆ. ಅಷ್ಟು ದೂರ ನಡೆದ ಕುದುರೆಗಳ ಬೆನ್ನು ಕಾಯ್ದವರ ಮಾತು ಯಾರೂ ಎತ್ತುವುದಿಲ್ಲ.

ಜೀನಿನಡಿ ಕೈ ತೂರಿಸಿ ಮುಂದಿನಿಂದ ಹಿಂದಕ್ಕೆ ಸವರು. ಎರಡೂ ತುದಿ ಬಿಗಿ, ನಡುವೆ ಸಡಿಲ ಅನ್ನಿಸಿದರೆ ಬಿಟ್ಟುಬಿಡು. ನಿನ್ನ ಭಾರವೆಲ್ಲ ನಾಲ್ಕು ಮೂಲೆಗೆ ಬೀಳುತ್ತೆ.

ಇನ್ನು ಪ್ಯಾಡು. ಜೀನು ಇಕ್ಕಟ್ಟಾದರೆ ದಪ್ಪ ಪ್ಯಾಡು ಹಾಕು ಅನ್ನುವವರಿದ್ದಾರೆ, ಕೇಳಬೇಡ. ಇಕ್ಕಟ್ಟು ಇನ್ನೂ ಹೆಚ್ಚುತ್ತೆ. ಬೆವರು ಹೀರುವುದು, ಉಜ್ಜಾಟ ತಗ್ಗಿಸುವುದು, ಅದರ ಕೆಲಸ ಅಷ್ಟೇ. ಉಣ್ಣೆಯದು ಒಳ್ಳೆಯದು. ಕುರುಬರ ಕಂಬಳಿ ಮಡಿಸಿ ಹಾಕಿದರೂ ಆಗುತ್ತೆ, ಸುಕ್ಕು ಮಾತ್ರ ಇರಬಾರದು. ತುಸು ಮುಂದಕ್ಕಿಟ್ಟು ಹಿಂದಕ್ಕೆ ಜಾರಿಸು, ಕೂದಲು ಮಲಗಲಿ. ಮುಂಭಾಗವನ್ನು ಜೀನಿನ ಸಂದಿಗೆ ಎತ್ತಿ ಸಿಕ್ಕಿಸು, ಇಲ್ಲದಿದ್ದರೆ ದಿಬ್ಬದ ಮೇಲೆ ಬಿಗಿದು ಉಜ್ಜುತ್ತೆ. ಹಾಕುವ ಮುಂಚೆ ಒಳಮೈಯನ್ನು ಅಂಗೈಯಿಂದ ಸವರು. ಮಾವಿನ ತೋಪಿನಲ್ಲಿ ಒಂದು ಸುತ್ತು ಬಂದರೆ ಸಾಕು, ಉತ್ತರಾಣಿ ಬೀಜ ಅಂಟಿಕೊಂಡಿರುತ್ತೆ.

ಹೊಟ್ಟೆಪಟ್ಟಿಯನ್ನು ಒಂದೇ ಸಲಕ್ಕೆ ಎಳೆದು ಬಿಗಿಯಬೇಡ. ಸ್ವಲ್ಪ ನಡೆಸು, ಮತ್ತೆ ಬಿಗಿ, ಆಮೇಲೆ ಮುಂಗಾಲು ಮುಂದಕ್ಕೆಳೆದು ಚರ್ಮದ ಮಡಿಕೆ ಬಿಡಿಸು. ಭಾರದ ಲೆಕ್ಕವೂ ಇರಲಿ: ಕುದುರೆ 350 ಕಿಲೋ ಇದ್ದರೆ ನೀನೂ ಜೀನೂ ಸೇರಿ 70 ದಾಟದಿದ್ದರೆ ಒಳ್ಳೆಯದು.

ಸವಾರಿ ಮುಗಿಸಿ ಜೀನು ಇಳಿಸಿದಾಗ ಬೆವರಿನ ಗುರುತು ನೋಡು. ಎರಡೂ ಕಡೆ ಒಂದೇ ಸಮ ಒದ್ದೆಯಾಗಿದ್ದರೆ ಸರಿ. ಸುತ್ತ ಒದ್ದೆ, ನಡುವೆ ಅಂಗೈಯಗಲ ಒಣಗಿದ್ದರೆ ಅನುಮಾನಪಡು. ಜೀನು ಅಲ್ಲಿ ತಾಕದೆಯೂ ಒಣಗಿರಬಹುದು, ಒತ್ತಿ ಒತ್ತಿ ಬೆವರೇ ಹೊರಡದೆಯೂ ಇರಬಹುದು. ಒತ್ತಿದ ಕಡೆ ಮುಂದೆ ಬಿಳಿ ಕೂದಲು ಹುಟ್ಟುತ್ತೆ. ಒಂದು ಗಂಟೆ ಬಿಟ್ಟು ಬೆನ್ನುಮೂಳೆಯ ಇಕ್ಕೆಲ ಬೆರಳಿನಿಂದ ಒತ್ತಿಕೊಂಡು ಹೋಗು. ಕುದುರೆ ಬೆನ್ನು ತಗ್ಗಿಸಿದರೆ, ಕಿವಿ ಹಿಂದಕ್ಕೆ ಮಡಚಿದರೆ, ಅಲ್ಲಿ ನೋವಿದೆ.

ಇವತ್ತು ಹೊಂದಿದ ಜೀನು ಆರು ತಿಂಗಳ ತಾಲೀಮಿನ ಮೇಲೆ ಹೊಂದದೇ ಹೋಗಬಹುದು. ಮಾಂಸಖಂಡ ತುಂಬಿ ಬೆನ್ನಿನ ಆಕಾರವೇ ಬದಲಾಗುತ್ತೆ. ಆಗ ಇದನ್ನೆಲ್ಲ ಮೊದಲಿನಿಂದ ನೋಡು. ಊತ ಕಂಡರೆ ಪಶುವೈದ್ಯರಿಗೆ ತೋರಿಸು. ಅದು ಪೂರ್ತಿ ಇಳಿಯುವವರೆಗೆ ಜೀನು ಹಾಕದೆ ಕೈಯಲ್ಲಿ ಹಿಡಿದೇ ನಡೆಸು.